ಗಿಟಾರಿನ ಕಾರ್ಡ್ ಮತ್ತು ಮಕ್ಕಳ ಸರಿಗಮ: ಒಂದು ಅಭ್ಯಾಸ ಪಾಠದ ಹಿನ್ನೆಲೆಯಲ್ಲಿ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೆಯ ತರಗತಿಯ ಒಂದು ಸಂಗೀತ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸಿದೆ. ವಿದ್ಯಾರ್ಥಿ-ಶಿಕ್ಷಕ ಗಿಟಾರ್ ತಂದಿದ್ದ. ನಮ್ಮಲ್ಲಿ ಇದು ಅಪರೂಪ, ಆದ್ದರಿಂದ ಮಕ್ಕಳು ಅವನು ಬಾಗಿಲು ದಾಟುವ ಮೊದಲೇ ‘ತೊಡಗಿಸಿಕೊಂಡಿದ್ದರು’. ಪಾಠ ಯೋಜನೆಯ ಆ ಹಂತಕ್ಕೆ ಅವನು ಏನೂ ಮಾಡಬೇಕಾಗಿರಲಿಲ್ಲ. ಕಪ್ಪು ಹಲಗೆಯ ಮೇಲೆ ಆರು ಗೆರೆ, ನಾಲ್ಕು ಅಡ್ಡಗೆರೆ, ಅವುಗಳ ನಡುವೆ ಮೂರು ಮೂರು ಚುಕ್ಕೆ ಹಾಕಿ ಸಿ, ಎಫ್, ಜಿ ಎಂದು ಮೂರು ಚಿತ್ರ ಬರೆದ. ಮಕ್ಕಳು ನೋಟ್‌ಬುಕ್‌ಗೆ ಇಳಿಸಿಕೊಂಡರು. ಅನಂತರ ಪೂರ್ವಜ್ಞಾನಕ್ಕೆ ಜೋಡಿಸುವ ಉದ್ದೇಶದಿಂದ, “ಪಾಶ್ಚಾತ್ಯರ ಡೊ ರೆ ಮಿ ಅಂದರೆ ನಮ್ಮ ಸ ರಿ ಗ. ಯಾರಿಗೆ ಸರಿಗಮ ಬರುತ್ತದೆ?” ಎಂದು ಕೇಳಿದ.

ಎರಡನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳು ಪಾಠಕ್ಕೆ ಹೋಗುತ್ತಾಳೆ ಎಂಬುದು ಮೊದಲ ಸ್ವರದಲ್ಲೇ ಗೊತ್ತಾಯಿತು. ಷಡ್ಜ ಅಷ್ಟು ನಿಂತಿತ್ತು. ಇವನು ಸಿ ಕಾರ್ಡ್ ನುಡಿಸಿದ. ‘ಸ’ ಸರಿಹೋಯಿತು. ‘ರಿ’ ಬಂದಾಗ ಜಿ ಹಿಡಿದ. ಎರಡೂ ಒಂದಕ್ಕೊಂದು ಉಜ್ಜಿದ ಹಾಗೆ ಕೇಳಿಸಿತು. ‘ಗ’ಕ್ಕೆ ಮತ್ತೆ ಸಿ, ಸರಿ. ‘ಮ’ಕ್ಕೆ ಎಫ್, ಅದೂ ಸರಿ. ‘ದ’ದಲ್ಲಿ ಮತ್ತೆ ಉಜ್ಜಾಟ. ಅವನು ನಿಲ್ಲಿಸಿ, “ಶ್ರುತಿ ಬಿಡ್ತಿದ್ದೀಯಮ್ಮ, ಗಿಟಾರ್ ಕೇಳಿಸ್ಕೊಂಡು ಹಾಡು” ಎಂದ. ಇನ್ನೊಮ್ಮೆ ಹಾಡಿದಳು. ಮತ್ತೆ ಅದೇ ಎರಡು ಕಡೆ ಹಾಗೆಯೇ ಆಯಿತು. “ಇರಲಿ, ಕೂತ್ಕೋ” ಎಂದ. ಕುಳಿತಳು. ಆ ಅವಧಿಯಲ್ಲಿ ಮತ್ತೆ ಅವಳ ಬಾಯಿ ತೆರೆಯಲಿಲ್ಲ.

ನಾನು ವೀಕ್ಷಣಾ ಪತ್ರದಲ್ಲಿ ಬೋಧನೋಪಕರಣಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟೆ. ಅವಳು ತಪ್ಪಿರಲಿಲ್ಲ ಎಂಬುದು ನನಗೆ ಹೊಳೆದದ್ದು ಸಂಜೆ ಮನೆಗೆ ಹೋಗುವಾಗ. ಆ ಹೊತ್ತಿಗೆ ಅಂಕ ಬಿದ್ದಾಗಿತ್ತು. ಸಂಗೀತವನ್ನು ವಿಶೇಷ ವಿಷಯವಾಗಿ ಓದದವರೂ ಈಗ ಶಾಲೆಗೆ ಗಿಟಾರ್, ಯುಕುಲೆಲೆ, ಕೀಬೋರ್ಡ್ ಒಯ್ಯುತ್ತಿದ್ದಾರೆ. ಅವರಿಗೂ, ಅವರ ಪಾಠ ನೋಡುವ ನಮಗೂ ತಿಳಿದಿರಬೇಕಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳು ಹಾಡಿದ್ದು ಮಾಯಾಮಾಳವಗೌಳ. ಕರ್ನಾಟಕ ಸಂಗೀತದ ಪಾಠ ಶುರುವಾಗುವುದೇ ಆ ರಾಗದ ಸರಳೆ ವರಸೆಯಿಂದ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಪ್ರದಾಯದ ನಂಬಿಕೆ. ಅದರಲ್ಲಿ ರಿಷಭ ಷಡ್ಜಕ್ಕೆ ತೀರ ಹತ್ತಿರದ ಶುದ್ಧ ರಿಷಭ, ಧೈವತ ಪಂಚಮಕ್ಕೆ ತೀರ ಹತ್ತಿರದ ಶುದ್ಧ ಧೈವತ. ಡೊ ರೆ ಮಿ ಹೊಂದುವುದು ಇದಕ್ಕಲ್ಲ, ಧೀರಶಂಕರಾಭರಣಕ್ಕೆ. ಅಲ್ಲಿ ರಿಷಭವೂ ಧೈವತವೂ ಚತುಶ್ರುತಿ, ಅಂದರೆ ಅರ್ಧ ಸ್ವರದಷ್ಟು ಮೇಲೆ. ಹುಡುಗಿಯ ಶ್ರುತಿ ಎಲ್ಲಿಯೂ ಬಿಟ್ಟಿರಲಿಲ್ಲ. ಅವಳಿಗೂ ಮೇಷ್ಟ್ರಿಗೂ ‘ಸರಿಗಮ’ ಎಂದರೆ ಬೇರೆ ಬೇರೆ ಆಗಿತ್ತು, ಅಷ್ಟೆ.

ಇದೇ ಪಾಠ ಧಾರವಾಡದ ಕಡೆಯ ಶಾಲೆಯಲ್ಲಿ ನಡೆದು, ಹಿಂದೂಸ್ತಾನಿ ಕಲಿಯುವ ಮಗು ಎದ್ದು ನಿಂತಿದ್ದರೆ ಎಡವಟ್ಟು ಆಗುತ್ತಿರಲಿಲ್ಲ. ಬಿಲಾವಲ್ ಥಾಟಿನ ಸ್ವರಗಳು ಡೊ ರೆ ಮಿಗೆ ಸರಿಯಾಗಿ ಹೊಂದುತ್ತವೆ. ಇನ್ನೊಂದು ತೊಡಕೂ ಇದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ: ‘ಶುದ್ಧ ರಿಷಭ’ ಎಂಬ ಒಂದೇ ಹೆಸರು ಎರಡು ಪದ್ಧತಿಗಳಲ್ಲಿ ಎರಡು ಬೇರೆ ಸ್ವರಗಳಿಗೆ ಸಲ್ಲುತ್ತದೆ. ಹಿಂದೂಸ್ತಾನಿಯ ಶುದ್ಧ ರಿಷಭ ಕರ್ನಾಟಕ ಸಂಗೀತದ ಚತುಶ್ರುತಿ ರಿಷಭ. ಕರ್ನಾಟಕ ಸಂಗೀತದ ಶುದ್ಧ ರಿಷಭ ಹಿಂದೂಸ್ತಾನಿಯ ಕೋಮಲ ರಿಷಭ. ಒಂದೇ ಕಾಲೇಜಿನಲ್ಲಿ ಮೈಸೂರಿನವರೂ ಹುಬ್ಬಳ್ಳಿಯವರೂ ಪ್ರಶಿಕ್ಷಣಾರ್ಥಿಗಳಾಗಿ ಇರುವಾಗ ಹೆಸರು ಹಿಡಿದು ವಾದ ಮಾಡಿದರೆ ಅದು ಮುಗಿಯುವುದಿಲ್ಲ. ಎಣಿಸುವುದು ಮೇಲು.

ಎಣಿಸಲು ಗಿಟಾರಿನಷ್ಟು ಅನುಕೂಲವಾದ ವಾದ್ಯ ಇನ್ನೊಂದಿಲ್ಲ. ಒಂದೇ ಒಂದು ತಂತಿ ತೆಗೆದುಕೊಳ್ಳಿ. ಏನನ್ನೂ ಒತ್ತದೆ ಮೀಟಿದರೆ ಅದು ಷಡ್ಜ ಎಂದುಕೊಳ್ಳೋಣ. ಒಂದೊಂದು ಫ್ರೆಟ್ ಮುಂದೆ ಒತ್ತಿದಂತೆ ಅರ್ಧರ್ಧ ಸ್ವರ ಏರುತ್ತದೆ. 12ನೆಯದಕ್ಕೆ ತಾರ ಷಡ್ಜ. ಈಗ 0, 2, 4, 5, 7, 9, 11, 12 ಎಂದು ಒತ್ತುತ್ತ ಹೋದರೆ ಧೀರಶಂಕರಾಭರಣ, ಅಂದರೆ ಮೇಜರ್ ಸ್ಕೇಲ್. 0, 1, 4, 5, 7, 8, 11, 12 ಎಂದು ಒತ್ತಿದರೆ ಆ ಹುಡುಗಿ ಹಾಡಿದ್ದು. ಎರಡು ಸಾಲನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರೆ ಬದಲಾದದ್ದು ಎರಡೇ ಅಂಕಿ ಎಂದು ಆರನೆಯ ತರಗತಿಯ ಮಗುವೂ ಹೇಳುತ್ತದೆ. ಸಂಗೀತ ಗೊತ್ತಿಲ್ಲದ ಶಿಕ್ಷಕರೂ ಇದನ್ನು ಮಾಡಬಹುದು. ಹಲಗೆಯ ಮೇಲಿನ ಆ ಮೂರು ಚಿತ್ರಕ್ಕೆ ಬದಲು ಈ ಎರಡು ಸಾಲು ಮೊದಲು ಬಂದಿದ್ದರೆ ಪಾಠದ ದಾರಿಯೇ ಬೇರೆಯಾಗುತ್ತಿತ್ತು ಎಂದು ನನ್ನ ಅಭಿಪ್ರಾಯ.

ಈಗ ಕಾರ್ಡ್‌ಗೆ ಬರೋಣ. ಈ ಪದವೇ ತರಗತಿಯಲ್ಲಿ ಒಂದು ಸಣ್ಣ ತಮಾಷೆ. ಮಕ್ಕಳಿಗೆ ಗೊತ್ತಿರುವುದು ರೇಷನ್ ಕಾರ್ಡ್, ಆಧಾರ್ ಕಾರ್ಡ್. ಸ್ವರಗುಚ್ಛ ಎಂದು ಒಮ್ಮೆ ಹೇಳಿ ಮುಂದೆ ಹೋಗಬಹುದು. ಮೂರು ಸ್ವರಗಳನ್ನು ಒಂದರ ಹಿಂದೊಂದಾಗಿ ಹಾಡದೆ ಒಟ್ಟಿಗೆ ನುಡಿಸಿದರೆ ಅದು ಕಾರ್ಡ್. ಯಾವ ಮೂರು? ಸ, ಗ, ಪ. ಒಂದು ಸ್ವರ ಹಿಡಿ, ಒಂದು ಬಿಡು, ಮತ್ತೊಂದು ಹಿಡಿ. ಮ, ದ, ಸ ಇನ್ನೊಂದು. ಪ, ನಿ, ರಿ ಮತ್ತೊಂದು. ಬಿಟ್ಟು ಹಿಡಿಯುವ ಈ ಕ್ರಮ ಗೊತ್ತಾದರೆ ಮಕ್ಕಳು ಉಳಿದವನ್ನು ತಾವೇ ಕಟ್ಟುತ್ತಾರೆ.

ಪಕ್ಕಪಕ್ಕದ ಸ್ವರಗಳನ್ನು ಬಿಟ್ಟು ಸ, ಗ, ಪ ಏಕೆ ಸೇರುತ್ತವೆ ಎಂಬ ಪ್ರಶ್ನೆಯನ್ನು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಉತ್ತರ ನಮ್ಮ ತಂಬೂರಿಯಲ್ಲಿದೆ. ತಂಬೂರಿಯಲ್ಲಿ ಗಾಂಧಾರಕ್ಕೆ ತಂತಿಯೇ ಇಲ್ಲ. ಪಂಚಮಕ್ಕೆ ಒಂದು, ಉಳಿದವು ಷಡ್ಜ. ಆದರೂ ಶ್ರುತಿ ಚೆನ್ನಾಗಿ ಕೂಡಿದಾಗ ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಮೂಡುತ್ತದೆ. ಹಿರಿಯರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು, ಆರು ಭಾಗವಾಗಿಯೂ ಕಂಪಿಸುತ್ತಿರುತ್ತದೆ. ಎರಡು ಭಾಗದ ಕಂಪನ ಮೇಲಿನ ಷಡ್ಜ. ಮೂರರದು ಅದರ ಮೇಲಿನ ಪಂಚಮ. ನಾಲ್ಕು, ಐದು, ಆರು ಎಂದರೆ ಇನ್ನೂ ಮೇಲಿನ ಸ, ಗ, ಪ. ಕಾರ್ಡ್ ಎಂಬುದು ಒಂದು ತಂತಿಯೊಳಗೆ ಸಣ್ಣದಾಗಿ ಕೇಳುವುದನ್ನೇ ಮೂರು ತಂತಿಯಲ್ಲಿ ದೊಡ್ಡದಾಗಿ ಕೇಳಿಸುವ ಉಪಾಯ.

ಇದನ್ನು ಗಿಟಾರಿನಲ್ಲಿಯೇ ತೋರಿಸಬಹುದು. ಸಾಮಾನ್ಯ ಗಿಟಾರಿನ ತಂತಿಯ ಮೀಟುವ ಉದ್ದ ಸುಮಾರು 65 ಸೆಂ.ಮೀ. ಫ್ರೆಟ್‌ಗಳ ತುದಿಯಿಂದ ಅಳೆದು ಮೂರನೇ ಒಂದು ಭಾಗದಲ್ಲಿ, ಅಂದರೆ ಸುಮಾರು 21.7 ಸೆಂ.ಮೀ. ದೂರದಲ್ಲಿ, ತಂತಿಯನ್ನು ಒತ್ತದೆ ಬೆರಳನ್ನು ಮೃದುವಾಗಿ ತಾಗಿಸಿ ಮೀಟಿ, ತಕ್ಷಣ ಬೆರಳು ತೆಗೆಯಿರಿ. ಗಂಟೆಯಂತಹ ಪಂಚಮ ಕೇಳುತ್ತದೆ. ಐದನೇ ಒಂದು ಭಾಗದಲ್ಲಿ, 13 ಸೆಂ.ಮೀ.ಗೆ ತಾಗಿಸಿದರೆ ಗಾಂಧಾರ. ಗಣಿತದ ಭಿನ್ನರಾಶಿಯ ಪಾಠ ನಡೆಯುತ್ತಿರುವ ವಾರದಲ್ಲಿ ಇದನ್ನು ಮಾಡಿದರೆ ಎರಡು ವಿಷಯಕ್ಕೂ ಅನುಕೂಲ. ‘ವಿಷಯ ಸಮನ್ವಯ’ ಎಂದು ಯೋಜನೆಯಲ್ಲಿ ಬರೆಯಲು ಸಾಧಾರಣವಾಗಿ ನಾವು ತಡಕಾಡುತ್ತೇವೆ, ಇಲ್ಲಿ ಅದು ಕೈಗೇ ಸಿಗುತ್ತದೆ.

ಸ್ಕೇಲಿನಿಂದ ಅಳೆಯುವ ಮಗು ಒಂದು ವಿಚಿತ್ರವನ್ನೂ ಗಮನಿಸುತ್ತದೆ. ಪಂಚಮದ 7ನೆಯ ಫ್ರೆಟ್ ಹೆಚ್ಚುಕಡಿಮೆ ಮೂರನೇ ಒಂದು ಭಾಗದಲ್ಲೇ ಇದೆ. ಆದರೆ ಗಾಂಧಾರದ 4ನೆಯ ಫ್ರೆಟ್ 13 ಸೆಂ.ಮೀ.ಗೆ ಇಲ್ಲ, 13.4ಕ್ಕೆ ಇದೆ. ಆ 4 ಮಿ.ಮೀ. ತಯಾರಿಕೆಯ ದೋಷವಲ್ಲ. ಯಾವ ಸ್ವರವನ್ನು ಷಡ್ಜ ಮಾಡಿಕೊಂಡರೂ ನುಡಿಸುವಂತಿರಬೇಕೆಂದು ಗಿಟಾರಿನಲ್ಲಿ ಸ್ಥಾಯಿಯನ್ನು 12 ಸಮ ಪಾಲು ಮಾಡಿದ್ದಾರೆ. ಅದಕ್ಕೆ ತೆತ್ತ ಬೆಲೆ, ಗಾಂಧಾರ ಸ್ವಲ್ಪ ಏರಿಯೇ ನಿಲ್ಲುತ್ತದೆ. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಕೂರಿಸುವವರು ಕಿವಿಯಿಂದ ಸರಿ ನೋಡಿಕೊಳ್ಳುತ್ತಾರೆ. ಗಿಟಾರಿನಲ್ಲಿ ಫ್ರೆಟ್ಟನ್ನು ಲೆಕ್ಕ ಹಾಕಿ ಜಡಿದುಬಿಟ್ಟಿರುತ್ತಾರೆ. ತಂಬೂರಿಗೆ ಒಗ್ಗಿದ ಕಿವಿಯ ಮಗು “ಗಿಟಾರಿನ ಗ ಯಾಕೋ ಸ್ವಲ್ಪ ಜಾಸ್ತಿ” ಎಂದರೆ ಗದರಬಾರದು. ಆ ಮಗು ಹೇಳಿದ್ದು ನಿಜ.

ಇನ್ನು ಹಲಗೆಯ ಮೇಲಿನ ಚುಕ್ಕೆಗಳು. ಸಿ ಕಾರ್ಡಿನ ಚಿತ್ರದಲ್ಲಿ ಮೂರು ಚುಕ್ಕೆ ಇದ್ದರೂ ಮೀಟುವುದು ಐದು ತಂತಿ. ಷಡ್ಜವನ್ನು ಸಿ, ಅಂದರೆ ಹಾರ್ಮೋನಿಯಂನವರು ಹೇಳುವ ಬಿಳಿ ಒಂದಕ್ಕೆ ಇಟ್ಟುಕೊಂಡರೆ, ದಪ್ಪ ತಂತಿಯ ಕಡೆಯಿಂದ ಆ ಐದು ತಂತಿಗಳು ನುಡಿಯುವುದು ಸ, ಗ, ಪ, ಸ, ಗ. ಮೂರೇ ಸ್ವರ, ಮತ್ತೆ ಮತ್ತೆ. ಜಿ ಹಿಡಿದರೆ ಆರು ತಂತಿಗಳಲ್ಲಿ ಪ, ನಿ, ರಿ, ಪ, ನಿ, ಪ. ಇಲ್ಲಿಯೂ ಮೂರೇ. ಚುಕ್ಕೆಯ ಜಾಗದಲ್ಲಿ ಸ್ವರದ ಅಕ್ಷರ ಬರೆದಿದ್ದರೆ ಮಕ್ಕಳು ಇಳಿಸಿಕೊಂಡ ಚಿತ್ರ ಹಾಡಲು ಬರುವ ಚಿತ್ರವಾಗುತ್ತಿತ್ತು. ಚುಕ್ಕೆ ಬೆರಳಿಗೆ ಮಾತ್ರ ಅರ್ಥವಾಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಗಿಟಾರ್ ಒಂದೇ, ಬೆರಳಿಡುವವನು ಒಬ್ಬನೇ. ಉಳಿದ ಮೂವತ್ತೊಂಬತ್ತು ಮಂದಿಗೆ ಆ ಚುಕ್ಕೆಯಿಂದ ಏನಾಗಬೇಕು?

ಸಣ್ಣ ಕೈಗಳಿಗೆ ಪೂರ್ತಿ ಕಾರ್ಡ್ ಕಷ್ಟ. ಎಫ್ ಅಂತೂ ವಯಸ್ಕರನ್ನೂ ಸತಾಯಿಸುತ್ತದೆ. ಗಿಟಾರ್ ಬಿಟ್ಟವರಲ್ಲಿ ಬಹಳ ಜನ ಎಫ್‌ನಲ್ಲಿ ಬಿಟ್ಟವರು. ಆದ್ದರಿಂದ ಕೆಳಗಿನ ಮೂರು ಸಣ್ಣ ತಂತಿಗಳನ್ನು ಮಾತ್ರ ಬಳಸಿ. ಒತ್ತದೆ ಬಿಟ್ಟರೆ ಅವು ಜಿ, ಬಿ, ಇ. ನಮ್ಮ ಲೆಕ್ಕದಲ್ಲಿ ಪ, ನಿ, ಗ. ನಡುವಿನ ತಂತಿಯ ಮೊದಲ ಫ್ರೆಟ್ಟಿಗೆ ಒಂದು ಬೆರಳಿಟ್ಟರೆ ನಿ ಏರಿ ಸ ಆಗುತ್ತದೆ: ಪ, ಸ, ಗ. ಸಿ ಕಾರ್ಡ್ ಸಿದ್ಧ. ಈಗ ಅದೇ ಬೆರಳನ್ನು ಅಲ್ಲಿಂದ ಎತ್ತಿ ಅತಿ ಸಣ್ಣ ತಂತಿಯ ಮೊದಲ ಫ್ರೆಟ್ಟಿಗೆ ಇಡಿ: ಪ, ನಿ, ಮ. ಇದು ಜಿ ಸೆವೆಂತ್ ಎಂದು ಕರೆಯುವ ಕಾರ್ಡಿನ ಸಾರ. ಮತ್ತೆ ಹಿಂದಕ್ಕೆ ಬನ್ನಿ. ಹೋಗಿ ಬರುವಾಗ ಏನಾಗುತ್ತಿದೆ ಎಂದು ಕೇಳಿಸಿಕೊಳ್ಳಿ. ಪ ಅಲುಗುವುದಿಲ್ಲ. ನಿ ಅರ್ಧ ಸ್ವರ ಏರಿ ಸ ಸೇರುತ್ತದೆ, ಮ ಅರ್ಧ ಸ್ವರ ಇಳಿದು ಗ ಸೇರುತ್ತದೆ. ಕಾಕಲಿ ನಿಷಾದದಲ್ಲಿ ನಿಂತು ಹಾಡು ನಿಲ್ಲಿಸಿದರೆ ಮಕ್ಕಳು ಕುಳಿತಲ್ಲೇ ಒದ್ದಾಡುತ್ತಾರೆ, ಯಾರಾದರೊಬ್ಬರು ಷಡ್ಜ ಹಾಡಿಯೇ ತೀರುತ್ತಾರೆ. ಮನೆಗೆ ಹಿಂದಿರುಗಬೇಕೆಂಬ ಆ ಒತ್ತಾಸೆಯನ್ನು ಪಾಶ್ಚಾತ್ಯ ಸಂಗೀತ ಎರಡು ಕಾರ್ಡುಗಳ ನಡುವೆ ಕಟ್ಟಿಟ್ಟಿದೆ. ಒಂದು ಬೆರಳಿನ ಚಲನೆಯಲ್ಲಿ ಇಷ್ಟನ್ನು ತೋರಿಸಬಹುದಾದರೆ ಮೊದಲ ಪಾಠಕ್ಕೆ ಅದೇ ಸಾಕು.

ಮೇಜರ್ ಮತ್ತು ಮೈನರ್ ಎಂಬ ಭೇದವನ್ನು ಬಹಳ ಪುಸ್ತಕಗಳು ಸಂತೋಷ, ದುಃಖ ಎಂದು ಹೇಳಿ ಮುಗಿಸುತ್ತವೆ. ನನಗೆ ಆ ಸುಲಭದ ಉತ್ತರ ಒಪ್ಪಿಗೆಯಿಲ್ಲ. ನಮ್ಮಲ್ಲಿ ಸಾಧಾರಣ ಗಾಂಧಾರದ ರಾಗಗಳಲ್ಲಿ ಲವಲವಿಕೆಯ ಹಾಡುಗಳಿಗೇನೂ ಕೊರತೆಯಿಲ್ಲ. ಎಣಿಕೆಯ ಉತ್ತರ ಸಾಕು: 0, 4, 7 ಮೇಜರ್, 0, 3, 7 ಮೈನರ್. ಅಂತರ ಗಾಂಧಾರದ ಜಾಗದಲ್ಲಿ ಸಾಧಾರಣ ಗಾಂಧಾರ ಬಂದಿದೆ. ಕೇಳಿ ಹೇಗನಿಸಿತು ಎಂಬುದನ್ನು ಮಕ್ಕಳೇ ಹೇಳಲಿ, ನಾವು ಮೊದಲೇ ಹೇಳಿಕೊಡುವುದು ಬೇಡ.

ಗಿಟಾರೇ ಇಲ್ಲದ ಶಾಲೆಗಳು ಹೆಚ್ಚು, ಅಲ್ಲಿ ಈ ಪಾಠ ಆಗುವುದಿಲ್ಲವೇ ಎಂದರೆ, ಅಲ್ಲೇ ಇನ್ನೂ ಚೆನ್ನಾಗಿ ಆಗುತ್ತದೆ. ತರಗತಿಯನ್ನು ಮೂರು ಗುಂಪು ಮಾಡಿ. ಒಂದು ಗುಂಪು ಸ, ಇನ್ನೊಂದು ಗ, ಮತ್ತೊಂದು ಪ ಹಿಡಿಯಲಿ. ‘ಆ’ ಎಂದು ಉಸಿರು ಇರುವಷ್ಟು ಹೊತ್ತು. ಮೊದಲ ಸಲ ಎಲ್ಲರೂ ಪಕ್ಕದ ಗುಂಪಿನ ಸ್ವರಕ್ಕೆ ಜಾರುತ್ತಾರೆ, ನಗುತ್ತಾರೆ, ಜಾರಲಿ. ಕಿವಿ ಮುಚ್ಚಿಕೊಂಡು ಹಾಡುವ ಮಗುವಿನ ಕೈಯನ್ನು ಮಾತ್ರ ಮೆಲ್ಲಗೆ ಕೆಳಗಿಳಿಸಿ, ಏಕೆಂದರೆ ಕೇಳುತ್ತ ಹಾಡುವುದೇ ಇಲ್ಲಿನ ಅಭ್ಯಾಸ. ಮೂರೂ ನಿಂತ ಮೇಲೆ ಪ ಗುಂಪಿಗೆ ಮಾತ್ರ ಕೈಸನ್ನೆ ಮಾಡಿ ದ ಹಾಡಲು ಹೇಳಿ. ಉಳಿದ ಇಬ್ಬರು ಅಲುಗಬಾರದು. ಸ, ಗ, ಪ ಇದ್ದದ್ದು ಸ, ಗ, ದ ಆಯಿತು: ಸಿ ಮೇಜರ್ ಎ ಮೈನರ್ ಆಯಿತು. ಒಂದು ಗುಂಪು ಒಂದು ಹೆಜ್ಜೆ ಇಟ್ಟಿದ್ದಕ್ಕೆ ಇಡೀ ಕೋಣೆಯ ಬಣ್ಣ ಬದಲಾಗುತ್ತದೆ. ಗಿಟಾರಿನಲ್ಲಿ ಕೇಳುವ ಮಗು ಇದನ್ನು ಹೊರಗಿನಿಂದ ಕೇಳುತ್ತದೆ. ಇಲ್ಲಿ ಒಳಗೆ ನಿಂತು ಕೇಳುತ್ತದೆ.

ಆದರೆ ಈ ಅಭ್ಯಾಸಕ್ಕೆ ಮಕ್ಕಳೆಲ್ಲರ ಬಾಯಲ್ಲಿ ಒಂದೇ ‘ಸರಿಗ’ ಬರಬೇಕಲ್ಲ? ಸಂಗೀತ ಪಾಠಕ್ಕೆ ಹೋಗದ ಮಗುವಿನ ಬಳಿಯೂ ಮೇಜರ್ ಸ್ಕೇಲಿನ ಪೂರ್ವಜ್ಞಾನ ಇದ್ದೇ ಇದೆ, ನಾವು ಅದನ್ನು ಗುರುತಿಸುವುದಿಲ್ಲ. ರಾಷ್ಟ್ರಗೀತೆಯ ಆರಂಭ ಸ, ರಿ ಹತ್ತಿ ಗ ಮೇಲೆ ನಿಲ್ಲುತ್ತದೆ. ಆ ರಿ ಚತುಶ್ರುತಿ, ಆ ಗ ಅಂತರ. ಪ್ರಾರ್ಥನೆಯ ಹೊತ್ತಿಗೆ ದಿನವೂ ಹಾಡುವ ಮಗುವಿನ ಕಿವಿಯಲ್ಲಿ ಅದು ಅಚ್ಚೊತ್ತಿರುತ್ತದೆ. ರಾಷ್ಟ್ರಗೀತೆಯನ್ನು ಅಭ್ಯಾಸಕ್ಕಾಗಿ ತುಂಡು ಮಾಡಿ ಹಾಡಿಸುವುದು ಸಲ್ಲದು. ‘ಆರಂಭವನ್ನು ಮನಸ್ಸಿನಲ್ಲೇ ನೆನೆಯಿರಿ, ಎಲ್ಲಿ ನಿಂತಿತೋ ಆ ಸ್ವರ ಹಿಡಿಯಿರಿ’ ಎಂದರೆ ಸಾಕು, ಗಾಂಧಾರ ಸಿಗುತ್ತದೆ.

ಹಾಡಿಗೆ ಕಾರ್ಡ್ ಹುಡುಕುವುದು ಹೇಗೆ ಎಂಬುದು ಪ್ರಶಿಕ್ಷಣಾರ್ಥಿಗಳು ಅತಿ ಹೆಚ್ಚು ಕೇಳುವ ಪ್ರಶ್ನೆ. ಬಹಳ ಜನ ಮೊಬೈಲಿನಲ್ಲಿ ಹುಡುಕಿ ಬರೆದುಕೊಂಡು ಬರುತ್ತಾರೆ. ಹಾಡಿನ ಸ್ವರ ಗೊತ್ತಿದ್ದರೆ ಅದು ಬೇಕಾಗಿಲ್ಲ. ಸಾಲು ಎಲ್ಲಿ ತಂಗುತ್ತದೆ ನೋಡಿ. ಗ ಮೇಲೆ ತಂಗಿದರೆ ಸ ಕಾರ್ಡ್. ರಿ ಅಥವಾ ನಿ ಮೇಲೆ ತಂಗಿದರೆ ಪ ಕಾರ್ಡ್. ಮ ಅಥವಾ ದ ಮೇಲಾದರೆ ಮ ಕಾರ್ಡ್. ಸ ಎರಡು ಕಾರ್ಡುಗಳಲ್ಲಿದೆ, ಪ ಕೂಡ ಎರಡರಲ್ಲಿದೆ. ಅಲ್ಲಿ ಎರಡನ್ನೂ ನುಡಿಸಿ ತರಗತಿಯ ಮತ ಕೇಳಿ. ಪ್ರತಿ ಸ್ವರಕ್ಕೂ ಕಾರ್ಡ್ ಬದಲಿಸಹೋಗುವುದು ಕಲಿಯುವವರ ಸಾಮಾನ್ಯ ತಪ್ಪು. ನಮ್ಮ ವಿದ್ಯಾರ್ಥಿ-ಶಿಕ್ಷಕ ಮಾಡಿದ್ದೂ ಅದೇ. ಹಾಡು ನಡೆದು ಹೋಗುತ್ತಿರಲಿ, ಕಾರ್ಡ್ ತಂಗುದಾಣದಲ್ಲಿ ಬದಲಾಗಲಿ.

ಎಲ್ಲಕ್ಕಿಂತ ಹೆಚ್ಚು ಪಾಠಗಳು ಕೆಡುವುದು ಮಾತ್ರ ಇದಾವುದರಿಂದಲೂ ಅಲ್ಲ, ಶ್ರುತಿಯ ಆಯ್ಕೆಯಿಂದ. ಜಿ, ಸಿ, ಡಿ ಮೂರು ಕಾರ್ಡ್ ಬೆರಳಿಗೆ ಸುಲಭ ಎಂದು ಗಿಟಾರ್ ಹಿಡಿದವರು ಷಡ್ಜವನ್ನು ಜಿಗೆ, ಅಂದರೆ ಬಿಳಿ ಐದಕ್ಕೆ, ಇಡುತ್ತಾರೆ. ಮಕ್ಕಳು ಅದನ್ನು ಕೆಳಗೆ ಹಿಡಿದರೆ ಮಂದ್ರದಲ್ಲಿ ಗೊಣಗಬೇಕು. ಮೇಲೆ ಹಿಡಿದರೆ ತಾರ ಷಡ್ಜಕ್ಕೆ ಕಿರುಚಬೇಕು. ಹತ್ತು ಹನ್ನೆರಡು ವರ್ಷದ ಹೆಚ್ಚಿನ ಮಕ್ಕಳಿಗೆ ಹಾರ್ಮೋನಿಯಂನ ನಡುವಿನ ಬಿಳಿ ಒಂದರಿಂದ ಮೇಲಿನ ಬಿಳಿ ಒಂದರವರೆಗೆ ಸಲೀಸು. ಹುಡುಗರು ಎಂಟನೆಯ ತರಗತಿಗೆ ಬರುವಾಗ ಗಂಟಲು ಒಡೆಯುವ ಕಾಲ, ಅವರ ಮಾತು ಬೇರೆ. ಅವರಿಗೆ ಸ ಗುಂಪನ್ನು ಕೊಟ್ಟು ಕೆಳಗಿನ ಸ್ಥಾಯಿಯಲ್ಲಿ ಹಾಡಲು ಬಿಟ್ಟರೆ ಮರ್ಯಾದೆ ಉಳಿಯುತ್ತದೆ. ಬೆರಳಿನ ಸುಲಭ ಮತ್ತು ಗಂಟಲಿನ ಸುಲಭ ಎರಡನ್ನೂ ಹೊಂದಿಸಲು ಕೇಪೊ ಎಂಬ ಚಿಮಟಿಗೆ ಇದೆ. ಜಿ ಗುಂಪಿನ ಕಾರ್ಡುಗಳೇ ಗೊತ್ತಿರುವುದಾದರೆ ಕೇಪೊವನ್ನು 5ನೆಯ ಫ್ರೆಟ್ಟಿಗೆ ಕಚ್ಚಿಸಿ. ಅದೇ ಬೆರಳು, ಷಡ್ಜ ಮಾತ್ರ ಸಿ. ಸಿ ಗುಂಪಿನ ಬೆರಳಿಟ್ಟು 2ನೆಯ ಫ್ರೆಟ್ಟಿಗೆ ಕಚ್ಚಿಸಿದರೆ ಡಿ. ನಾನು ಈಚೆಗೆ ಪಾಠ ಯೋಜನೆ ನೋಡುವಾಗ ‘ಶ್ರುತಿ ಯಾವುದು, ಯಾರಿಗಾಗಿ’ ಎಂದು ಒಂದು ಸಾಲು ಕೇಳುತ್ತೇನೆ. ಆ ಸಾಲು ತುಂಬಲು ಮಕ್ಕಳನ್ನು ಮೊದಲೊಮ್ಮೆ ಹಾಡಿಸಿ ಕೇಳಿ ಬರಬೇಕಾಗುತ್ತದೆ. ನನಗೆ ಬೇಕಾದದ್ದೂ ಅದೇ.

ಕಾರ್ಡ್ ನಮ್ಮ ಕಿವಿಗೆ ಪರಕೀಯ ಎಂದು ಮೂಗು ಮುರಿಯುವ ಹಿರಿಯ ಸಹೋದ್ಯೋಗಿಗಳು ಇದ್ದಾರೆ. ಕನ್ನಡ ಚಿತ್ರಗೀತೆ ಕೇಳಿ ಬೆಳೆದವರಿಗೆ ಅದು ಪರಕೀಯವಾಗಿ ದಶಕಗಳೇ ಕಳೆದಿವೆ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದ ಇಳಯರಾಜ ಮೂಲತಃ ಗಿಟಾರ್ ವಾದಕರೂ ಹೌದು. ಶಿಶುನಾಳ ಷರೀಫರ ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರ್ ಹಿಡಿದೇ ಹಾಡುತ್ತಾರೆ. ಆದರೆ ಆ ಹಿರಿಯರ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ, ಅದನ್ನೂ ಹೇಳಬೇಕು. ಎಲ್ಲ ರಾಗಕ್ಕೂ ಕಾರ್ಡ್ ಕೂಡುವುದಿಲ್ಲ.

ಹಂಸಧ್ವನಿ ತೆಗೆದುಕೊಳ್ಳಿ: ಸ, ರಿ, ಗ, ಪ, ನಿ. ಸ ಗ ಪ ಇದೆ, ಪ ನಿ ರಿ ಇದೆ. ಎರಡು ಕಾರ್ಡುಗಳು ರಾಗದೊಳಗೇ ಪೂರ್ತಿಯಾಗಿ ಕುಳಿತಿವೆ, ಹೊರಗಿನ ಒಂದು ಸ್ವರವೂ ಬೇಡ. ಕಾರ್ಡ್ ಕಲಿಸಲು ಇದಕ್ಕಿಂತ ಒಳ್ಳೆಯ ರಾಗ ನನಗೆ ತಿಳಿದಿಲ್ಲ. ಮೋಹನದಲ್ಲಿ ಸ ಗ ಪ ಮತ್ತು ದ ಸ ಗ. ಹಿಂದೋಳಕ್ಕೆ ಬನ್ನಿ: ಸ, ಗ, ಮ, ದ, ನಿ. ಪಂಚಮವೇ ಇಲ್ಲ. ಷಡ್ಜದ ಮೇಲೆ ಮೂರು ಸ್ವರದ ಕಾರ್ಡ್ ಕಟ್ಟಲು ಬರುವುದಿಲ್ಲ. ಅಭ್ಯಾಸಬಲದಿಂದ ಸಿ ಮೈನರ್ ಬಾರಿಸಿದರೆ ರಾಗ ಯಾವುದನ್ನು ಬಿಟ್ಟಿದೆಯೋ ಅದನ್ನೇ ಒಳಗೆ ಎಳೆದು ತಂದಂತೆ. ಮ ದ ಸ, ದ ಸ ಗ ಎಂಬ ಎರಡು ಸಿಗುತ್ತವೆ, ಆದರೆ ಅವುಗಳ ಮೇಲೆ ನಿಂತರೆ ಷಡ್ಜ ಮನೆಯಂತೆ ಕೇಳುವುದಿಲ್ಲ. ಇನ್ನು ಗಮಕ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ; ತೂಗುತ್ತಲೇ ಇರುತ್ತದೆ. ಅದರ ಕೆಳಗೆ ಒಂದು ಕಾರ್ಡ್ ಹಿಡಿದರೆ ತೂಗುವ ತೊಟ್ಟಿಲಿಗೆ ಮೊಳೆ ಹೊಡೆದ ಹಾಗೆ. ಗಿಟಾರಿನಲ್ಲಿ ಶಾಸ್ತ್ರೀಯ ಸಂಗೀತ ನುಡಿಸಿದವರು ಇದನ್ನು ಚೆನ್ನಾಗಿ ಬಲ್ಲರು. ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ ಅವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಲೋಹದ ಕೋಲು ಜಾರಿಸಿ ಮೀಂಡ್ ತೆಗೆದರು. ಕಾರ್ಡ್ ಅವರಿಗೆ ಬೇಕಾಗಲಿಲ್ಲ. ಮಕ್ಕಳಿಗೆ ಇವೆರಡನ್ನೂ ಕೇಳಿಸಿದರೆ ‘ಗಿಟಾರ್ ಎಂದರೆ ಕಾರ್ಡ್’ ಎಂಬ ಹುಸಿ ಸಮೀಕರಣವೂ ತಪ್ಪುತ್ತದೆ.

ಆ ವಿದ್ಯಾರ್ಥಿ-ಶಿಕ್ಷಕನ ಜೊತೆ ಮರುದಿನ ಸ್ಟಾಫ್ ರೂಮಿನಲ್ಲಿ ಕುಳಿತೆ. ಅವನಿಗೆ ಹೇಳಿದ್ದು ಎರಡೇ ಮಾತು: ಅವಳು ಹಾಡಿದ ಸ್ವರಗಳನ್ನು ಒಂದು ತಂತಿಯ ಮೇಲೆ ಹುಡುಕಿ ನೋಡಪ್ಪ, ಆಮೇಲೆ ಕಾರ್ಡ್ ಕಟ್ಟು. ಅವನು ಹತ್ತು ನಿಮಿಷದಲ್ಲಿ ಹುಡುಕಿದ. ಹುಡುಕಿದ ಮೇಲೆ ಮುಖ ಸಣ್ಣದಾಯಿತು. ನಂತರ ಇಬ್ಬರೂ ಸೇರಿ ಮೂರು ಸಣ್ಣ ತಂತಿಗಳಲ್ಲಿ ಲೆಕ್ಕ ಹಾಕಿದೆವು. ಸ, ಗ, ಪ ಬಂದಾಗ ನಡುವಿನ ತಂತಿಗೆ ಒಂದು ಬೆರಳು. ಮ ಮತ್ತು ಶುದ್ಧ ದ ಬಂದಾಗ ಅದೇ ಬೆರಳನ್ನು ಮೂರೂ ತಂತಿಯ ಮೇಲೆ ಮೊದಲ ಫ್ರೆಟ್ಟಿನಲ್ಲಿ ಅಡ್ಡ ಮಲಗಿಸಿದರೆ ದ, ಸ, ಮ. ಪುಸ್ತಕದ ಹೆಸರಿನಲ್ಲಿ ಎಫ್ ಮೈನರ್. ನಿ ಬಂದಾಗ ಪೂರ್ತಿ ಜಿ ಹಿಡಿಯುವಂತಿಲ್ಲ, ಅದರಲ್ಲಿರುವ ಚತುಶ್ರುತಿ ರಿ ಈ ರಾಗದ್ದಲ್ಲ. ಬೆರಳು ಎತ್ತಿ ಪ, ನಿ ಎರಡು ತಂತಿ ಮಾತ್ರ ಮೀಟಬೇಕು. ಶುದ್ಧ ರಿಷಭಕ್ಕೆ ಕೈಗೆ ಒಗ್ಗುವಂಥದ್ದು ಏನೂ ಸಿಗಲಿಲ್ಲ.

ಮುಂದಿನ ಪಾಠದಲ್ಲಿ ಅವನು ಮೊದಲು ಆ ಹುಡುಗಿಯ ಹತ್ತಿರ ಹೋಗಿ, “ಅವತ್ತು ನೀನೇ ಸರಿ ಹಾಡಿದ್ದೆ ಕಣಮ್ಮ, ನನಗೆ ಗೊತ್ತಿರಲಿಲ್ಲ. ಇನ್ನೊಂದ್ಸಲ ಹಾಡ್ತೀಯಾ?” ಎಂದು ಇಡೀ ತರಗತಿಗೆ ಕೇಳುವಂತೆ ಹೇಳಿದ. ಅವಳು ಸ್ವಲ್ಪ ಹೊತ್ತು ಬೆಂಚನ್ನೇ ನೋಡುತ್ತಿದ್ದಳು. ಪಕ್ಕದವಳು ತಿವಿದ ಮೇಲೆ ಎದ್ದಳು. ಷಡ್ಜಕ್ಕೆ ಅವನು ಮೀಟಿದ. ರಿಷಭ ಬಂದಾಗ ತಂತಿಯ ಮೇಲೆ ಅಂಗೈ ಇಟ್ಟು ಸುಮ್ಮನಾದ. ಅವಳೊಬ್ಬಳದೇ ಸ್ವರ ಕೇಳಿಸಿತು. ಗಾಂಧಾರಕ್ಕೆ ಮತ್ತೆ ಸೇರಿಕೊಂಡ.